ಯೂನಿಯನ್ನಿನ ಹೊಸ್ತಿಲು

ಕಳೆದ ಯುಗಾದಿಯ ಸಂಜೆ, ಸ್ಟಾಕ್‌ಹೋಮ್‌ನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿರುವ ನನ್ನ ಚಿಕ್ಕಪ್ಪನ ಮಗ ಹಬ್ಬದ ಶುಭಾಶಯ ಹೇಳಲು ವಿಡಿಯೊ ಕರೆ ಮಾಡಿದ್ದ. ಹೊಸ ಕೆಲಸದ ವಿಚಾರ ಹೇಳುತ್ತಾ, ಸೇರಿದ ಎರಡನೆಯ ತಿಂಗಳಲ್ಲೇ ಯೂನಿಯನ್ ಸದಸ್ಯನಾದೆ ಎಂದು ಅವನು ಅಂದಾಗ, ಅಷ್ಟು ಹೊತ್ತು ಸುಮ್ಮನೆ ಕೇಳುತ್ತಿದ್ದ ಅಪ್ಪ ಕನ್ನಡಕ ಸರಿಪಡಿಸಿಕೊಂಡು ಫೋನಿನ ಹತ್ತಿರಕ್ಕೆ ಬಂದರು.

"ಯಾಕಪ್ಪಾ, ಕಂಪನಿಯಲ್ಲಿ ಏನಾದರೂ ತೊಂದರೆಯಾಯಿತಾ?"

"ಇಲ್ಲ ದೊಡ್ಡಪ್ಪ, ಇಲ್ಲಿ ಸೇರುವುದೇ ರೂಢಿ. ನಮ್ಮ ಮ್ಯಾನೇಜರ್ ಕೂಡ ಅದೇ ಯೂನಿಯನ್ನಿನಲ್ಲಿದ್ದಾರೆ."

ಅಪ್ಪ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಯೊಂದರಲ್ಲಿ ಮೂವತ್ತೈದು ವರ್ಷ ಟರ್ನರ್ ಆಗಿ ದುಡಿದು ನಿವೃತ್ತರಾದವರು. 1980ರ ಡಿಸೆಂಬರ್‌ನಿಂದ 1981ರ ಮಾರ್ಚ್‌ವರೆಗೆ ನಗರದ ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರು 77 ದಿನ ಮುಷ್ಕರ ಹೂಡಿದಾಗ ಅವರಿಗೆ ಇಪ್ಪತ್ತೈದು ವರ್ಷ ವಯಸ್ಸು. ಎರಡು ತಿಂಗಳು ಸಂಬಳವಿಲ್ಲದೆ, ಊರಿನಿಂದ ಬಂದ ರಾಗಿಯಲ್ಲಿ ಮನೆ ನಡೆದದ್ದನ್ನು ಅವರು ಇಂದಿಗೂ ವಿವರವಾಗಿ ಹೇಳುತ್ತಾರೆ. ಚಂದಾ ಕೊಟ್ಟ ರಸೀದಿಗಳನ್ನು ಒಂದು ತಗಡಿನ ಡಬ್ಬಿಯಲ್ಲಿ ಜೋಪಾನವಾಗಿಟ್ಟಿದ್ದಾರೆ. ಅಂಥವರಿಗೆ ಸೋದರನ ಮಗನ ಮಾತು ಸಂತೋಷಕ್ಕಿಂತ ಹೆಚ್ಚಾಗಿ ಗೊಂದಲವನ್ನೇ ಉಂಟುಮಾಡಿತು. ಕರೆ ಮುಗಿದ ಮೇಲೆ ಅವರು ಕೇಳಿದರು: "ತೊಂದರೆಯೂ ಇಲ್ಲ, ಮ್ಯಾನೇಜರೂ ಒಳಗೇ ಇದ್ದಾರೆ. ಹಾಗಾದರೆ ಇವನು ಸೇರಿದ್ದು ಯಾತಕ್ಕೆ?"

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾನು ಹಲವು ತಿಂಗಳ ಕಾಲ ಬೇರೆ ಬೇರೆ ದೇಶಗಳ ಕಾರ್ಮಿಕ ಸಂಘಗಳ ಸದಸ್ಯತ್ವದ ಅಂಕಿಗಳನ್ನು ಓದಿದೆ. ಸಾಮಾನ್ಯವಾಗಿ ಈ ಅಂಕಿಗಳನ್ನು ಪರೀಕ್ಷೆಯ ಫಲಿತಾಂಶದ ಹಾಗೆ ಒಂದರ ಕೆಳಗೊಂದು ಬರೆಯಲಾಗುತ್ತದೆ. ಐಸ್‌ಲೆಂಡಿನಲ್ಲಿ ನೂರು ನೌಕರರಲ್ಲಿ ಸುಮಾರು 90 ಮಂದಿ ಸದಸ್ಯರು, ಸ್ವೀಡನ್, ಡೆನ್ಮಾರ್ಕ್‌ಗಳಲ್ಲಿ ಮೂರರಲ್ಲಿ ಎರಡು ಪಾಲು, ಬೆಲ್ಜಿಯಂ ಮತ್ತು ನಾರ್ವೆಗಳಲ್ಲಿ ಅರ್ಧದ ಆಸುಪಾಸು, ಬ್ರಿಟನ್ನಿನಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಕಡಿಮೆ, ಜಪಾನಿನಲ್ಲಿ 16, ಅಮೆರಿಕ ಮತ್ತು ಫ್ರಾನ್ಸ್‌ಗಳಲ್ಲಿ ಹತ್ತರ ಆಚೀಚೆ. ಈ ಪಟ್ಟಿಯನ್ನು ನೋಡಿದ ಯಾರೇ ಆಗಲಿ, ಮೇಲಿರುವ ದೇಶಗಳ ಕಾರ್ಮಿಕರು ಹೆಚ್ಚು ಜಾಗೃತರು, ಕೆಳಗಿರುವವರು ಸೋತು ಕೈಚೆಲ್ಲಿದವರು ಎಂದುಕೊಳ್ಳುವುದು ಸಹಜ. ನಾನೂ ಮೊದಲು ಹಾಗೆಯೇ ಓದಿಕೊಂಡೆ. ಆದರೆ ಒಂದೊಂದು ದೇಶದ ಇತಿಹಾಸದೊಳಕ್ಕೆ ಇಳಿದಂತೆಲ್ಲ, ಈ ಅಂಕಿ ಕಾರ್ಮಿಕರ ಎದೆಗಾರಿಕೆಗಿಂತ ಹೆಚ್ಚಾಗಿ ಯೂನಿಯನ್ನಿನ ಹೊಸ್ತಿಲು ಎಷ್ಟು ಎತ್ತರವಾಗಿದೆ, ಅದನ್ನು ಯಾರು ಕಟ್ಟಿದರು, ದಾಟಿ ಒಳಗೆ ಬಂದವರಿಗೆ ಏನು ಸಿಗುತ್ತದೆ ಎಂಬುದನ್ನು ಅಳೆಯುತ್ತದೆ ಎಂದು ಮನದಟ್ಟಾಯಿತು.

ಸ್ವೀಡನ್ನಿನ ಅಂಕಿಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ಬೆಲ್ಜಿಯಂನ ಗೆಂಟ್ ಎಂಬ ನೇಯ್ಗೆ ಮಿಲ್ಲುಗಳ ಊರಿಗೆ ಹೋಗಬೇಕಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಯುರೋಪಿನ ಅನೇಕ ಕಾರ್ಮಿಕ ಸಂಘಗಳು, ಕೆಲಸ ಕಳೆದುಕೊಂಡ ತಮ್ಮ ಸದಸ್ಯರಿಗೆ ಚಂದಾ ಹಣದಿಂದಲೇ ಒಂದಷ್ಟು ಭತ್ಯೆ ಕೊಡುವ ನಿಧಿಯನ್ನು ಇಟ್ಟುಕೊಂಡಿದ್ದವು. 1901ರಲ್ಲಿ ಗೆಂಟ್ ನಗರಾಡಳಿತವು ಲೂಯಿ ವಾರ್ಲೆ ಎಂಬ ವಕೀಲರ ಯೋಜನೆಯಂತೆ, ಆ ಭತ್ಯೆಗೆ ನಗರದ ಬೊಕ್ಕಸದಿಂದ ಇನ್ನಷ್ಟು ಹಣ ಸೇರಿಸಿ ಕೊಡಲಾರಂಭಿಸಿತು. ಹೀಗೆ ಸಾರ್ವಜನಿಕ ಹಣವು ಯೂನಿಯನ್ನಿನ ಕೈಯಿಂದ ನಿರುದ್ಯೋಗಿಗೆ ತಲುಪುವ ಪದ್ಧತಿಗೆ ಆ ಊರಿನ ಹೆಸರೇ ಅಂಟಿಕೊಂಡಿತು. ಡೆನ್ಮಾರ್ಕ್ 1907ರಲ್ಲಿ, ಫಿನ್‌ಲೆಂಡ್ 1917ರಲ್ಲಿ, ಸ್ವೀಡನ್ 1934ರಲ್ಲಿ ಈ ಪದ್ಧತಿಯನ್ನು ಕಾನೂನಿನ ಮೂಲಕ ಅಳವಡಿಸಿಕೊಂಡವು. ನಿರುದ್ಯೋಗ ವಿಮೆ ಎಲ್ಲರಿಗೂ ಕಡ್ಡಾಯವಲ್ಲ. ಬೇಕಾದವರು ನಿಧಿಗೆ ಸೇರಬೇಕು. ಆ ನಿಧಿಗಳನ್ನು ಬಹುಪಾಲು ನಡೆಸುವವರು ಯೂನಿಯನ್ನಿನವರು. ಕೆಲಸ ಹೋಗುವ ಭಯ ಯಾರಿಗಿರುತ್ತದೆಯೋ ಅವರೆಲ್ಲರೂ ಯೂನಿಯನ್ ಕಚೇರಿಯ ಬಾಗಿಲಿಗೆ ತಾವಾಗಿಯೇ ಬರುವಂತೆ ಮಾಡಿದ ಏರ್ಪಾಡು ಇದು.

ಇದರ ಪರಿಣಾಮ ಎಷ್ಟು ದೊಡ್ಡದೆಂಬುದಕ್ಕೆ ನಾರ್ವೆಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ನಾರ್ವೆ ಕೂಡ 1906ರಲ್ಲೇ ಗೆಂಟ್ ಪದ್ಧತಿಯನ್ನು ತಂದಿತ್ತು, ಆದರೆ 1938ರಲ್ಲಿ ಅದನ್ನು ಕೈಬಿಟ್ಟು, ಸರ್ಕಾರವೇ ನಡೆಸುವ ಕಡ್ಡಾಯ ವಿಮೆಗೆ ಹೊರಳಿತು. ಸ್ವೀಡನ್ ಮತ್ತು ನಾರ್ವೆ ಅಕ್ಕಪಕ್ಕದ ಮನೆಗಳಿದ್ದ ಹಾಗೆ. ಭಾಷೆ ಹತ್ತಿರ, ಧರ್ಮ ಒಂದೇ, 1930ರ ದಶಕದಲ್ಲಿ ಎರಡೂ ಕಡೆ ಕಾರ್ಮಿಕರ ಬೆಂಬಲದ ಪಕ್ಷಗಳೇ ಅಧಿಕಾರಕ್ಕೆ ಬಂದಿದ್ದವು. ಆದರೂ 1990ರ ದಶಕದ ನಡುವಿಗೆ ಸ್ವೀಡನ್ನಿನ ಸದಸ್ಯತ್ವ ನೂರಕ್ಕೆ 85ನ್ನು ಮುಟ್ಟಿದಾಗ ನಾರ್ವೆ 60ರ ಕೆಳಗೇ ಉಳಿದಿತ್ತು. ನಾರ್ವೆಯ ಕಾರ್ಮಿಕನಿಗೆ ಸ್ವೀಡನ್ನಿನವನಿಗಿಂತ ನಿಷ್ಠೆ ಕಡಿಮೆಯಿತ್ತೆಂದು ಹೇಳಲು ನನ್ನ ಮನಸ್ಸು ಒಪ್ಪುವುದಿಲ್ಲ. ಅವನಿಗೆ ನಿರುದ್ಯೋಗ ಭತ್ಯೆ ಸರ್ಕಾರದಿಂದಲೇ ಬರುತ್ತಿತ್ತು. ಯೂನಿಯನ್ನಿಗೆ ಸೇರಬೇಕಾದರೆ ಬೇರೆಯದೇ ಕಾರಣ ಬೇಕಿತ್ತು. ಅಂಥ ಬೇರೆ ಕಾರಣದಿಂದ ಅರ್ಧದಷ್ಟು ನೌಕರರು ಇಂದಿಗೂ ಸೇರುತ್ತಿದ್ದಾರೆಂಬುದೇ ನಾರ್ವೆಯ ಮಟ್ಟಿಗೆ ದೊಡ್ಡ ಸಂಗತಿ.

ಸ್ವೀಡನ್ನಿನ ಹೊಸ್ತಿಲನ್ನು ಎತ್ತರಿಸಿದಾಗ ಏನಾಯಿತೆಂಬುದೂ ನಮ್ಮ ಕಣ್ಣೆದುರಿಗಿದೆ. 2006ರಲ್ಲಿ ಅಧಿಕಾರಕ್ಕೆ ಬಂದ ಸರ್ಕಾರ, 2007ರ ಜನವರಿಯಿಂದ ನಿರುದ್ಯೋಗ ನಿಧಿಗಳ ಮಾಸಿಕ ಶುಲ್ಕ ಬಹಳವಾಗಿ ಏರುವಂತೆ ಮಾಡಿತು. ಮುಂದಿನ ವರ್ಷ, ಯಾವ ವೃತ್ತಿಯಲ್ಲಿ ನಿರುದ್ಯೋಗ ಹೆಚ್ಚೋ ಆ ವೃತ್ತಿಯ ನಿಧಿಗೆ ಶುಲ್ಕವೂ ಹೆಚ್ಚಾಗುವಂತೆ ಕಟ್ಟಿಹಾಕಿತು. ಹೋಟೆಲಿನಲ್ಲಿ ತಟ್ಟೆ ತೊಳೆಯುವವರು, ಕಟ್ಟಡ ಕೆಲಸದವರು, ಎಂದರೆ ಭತ್ಯೆಯ ಅಗತ್ಯ ಯಾರಿಗೆ ಹೆಚ್ಚಾಗಿತ್ತೋ ಅವರೇ ಹೆಚ್ಚು ತೆರಬೇಕಾಯಿತು. 2006ರಲ್ಲಿ ನೂರಕ್ಕೆ 77 ಇದ್ದ ಸದಸ್ಯತ್ವ ಎರಡೇ ವರ್ಷಗಳಲ್ಲಿ 71ಕ್ಕೆ ಕುಸಿಯಿತು. ಎರಡು ಲಕ್ಷಕ್ಕೂ ಹೆಚ್ಚು ಮಂದಿ ಯೂನಿಯನ್ನುಗಳನ್ನು ಬಿಟ್ಟರು. 2014ರಲ್ಲಿ ಆ ಶುಲ್ಕವನ್ನು ಮತ್ತೆ ಇಳಿಸಲಾಯಿತಾದರೂ ಹೋದವರೆಲ್ಲ ಹಿಂದಿರುಗಲಿಲ್ಲ. ಇಂದು ಅಲ್ಲಿ ಕಚೇರಿ ನೌಕರರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿ ಸದಸ್ಯರಾಗಿದ್ದರೆ, ಕೈಕೆಲಸದ ಕಾರ್ಮಿಕರಲ್ಲಿ ಅದು ಅರವತ್ತರ ಆಸುಪಾಸಿಗೆ ಇಳಿದಿದೆ. ಯಾವ ವರ್ಗಕ್ಕಾಗಿ ಈ ಚಳವಳಿ ಹುಟ್ಟಿತೋ ಆ ವರ್ಗವೇ ಮೊದಲು ಹೊರಗೆ ಬಿದ್ದಿತೆಂಬುದು, ಒಟ್ಟು ಅಂಕಿಯನ್ನು ಮಾತ್ರ ನೋಡಿದವರ ಗಮನಕ್ಕೆ ಬರುವುದಿಲ್ಲ.

ನನ್ನ ಚಿಕ್ಕಪ್ಪನ ಮಗ ಸೇರಿದ್ದೂ ಇದೇ ವಿಮೆಯ ದಾರಿಯಿಂದ. ಮೂಲ ನಿರುದ್ಯೋಗ ನಿಧಿಗೆ ಯೂನಿಯನ್ ಸದಸ್ಯತ್ವ ಇಲ್ಲದೆಯೂ ಸೇರಬಹುದು. ಆದರೆ ಆ ಭತ್ಯೆಗೆ ಒಂದು ಮಿತಿಯಿದೆ, ಮಿತಿಗಿಂತ ಹೆಚ್ಚು ಸಂಬಳ ಇರುವವರಿಗೆ ಉಳಿದ ಭಾಗಕ್ಕೆ ಪೂರಕ ವಿಮೆ ಕೊಡುವುದು ಯೂನಿಯನ್ನು. ಆತ ಸೇರಿರುವ ಯೂನಿಯೊನೆನ್ ಎಂಬ ಸಂಘಟನೆ ಖಾಸಗಿ ವಲಯದ ಕಚೇರಿ ನೌಕರರದು. ಅದರ ಸದಸ್ಯರು ಏಳು ಲಕ್ಷಕ್ಕೂ ಹೆಚ್ಚು. ಇದನ್ನೆಲ್ಲ ವಿವರಿಸಿದಾಗ ಅಪ್ಪ, "ಹಾಗಾದರೆ ಅದು ಎಲ್ಐಸಿ ಪಾಲಿಸಿ ಇದ್ದ ಹಾಗೆ" ಎಂದರು. ಆ ಕ್ಷಣಕ್ಕೆ ನನಗೂ ಹಾಗೆಯೇ ಅನ್ನಿಸಿತು. ಆದರೆ 2023ರ ಅಕ್ಟೋಬರ್ ಕೊನೆಯಲ್ಲಿ ಟೆಸ್ಲಾ ಕಂಪನಿಯು ನೌಕರರ ಸಂಬಳ, ಷರತ್ತುಗಳ ಬಗ್ಗೆ ಯೂನಿಯನ್ನಿನೊಂದಿಗೆ ಮಾಡಿಕೊಳ್ಳುವ ಸಾಮೂಹಿಕ ಒಪ್ಪಂದಕ್ಕೆ ಸಹಿ ಹಾಕಲು ನಿರಾಕರಿಸಿದ ಕಾರಣಕ್ಕೆ ಐಎಫ್ ಮೆಟಾಲ್ ಎಂಬ ಲೋಹ ಕಾರ್ಮಿಕರ ಯೂನಿಯನ್ ಮುಷ್ಕರ ಆರಂಭಿಸಿದಾಗ, ಬಂದರಿನ ಕೂಲಿಗಳು ಆ ಕಾರುಗಳನ್ನು ಹಡಗಿನಿಂದ ಇಳಿಸದೆ ನಿಂತರು, ಅಂಚೆ ನೌಕರರು ಅವುಗಳ ನಂಬರ್ ಫಲಕಗಳನ್ನು ತಲುಪಿಸಲಿಲ್ಲ, ಎಲೆಕ್ಟ್ರಿಷಿಯನ್ನರು ಚಾರ್ಜಿಂಗ್ ಕೇಂದ್ರಗಳ ರಿಪೇರಿ ನಿಲ್ಲಿಸಿದರು. ಮುಷ್ಕರಕ್ಕೆ ಇಳಿದ ಮೆಕ್ಯಾನಿಕ್‌ಗಳ ಸಂಖ್ಯೆ ಬಹಳ ಚಿಕ್ಕದು. ಅವರ ಬೆನ್ನಿಗೆ ನಿಂತವರು ಅವರ ಮುಖವನ್ನೂ ಕಂಡವರಲ್ಲ. ವಿಮೆಗೆಂದು ಬಂದವರು ಒಳಗಿದ್ದು ಇನ್ನೇನನ್ನೋ ಕಲಿಯುತ್ತಾರೆ ಎಂಬ ನಂಬಿಕೆ ನನಗೆ ಬಂದದ್ದು ಈ ಪ್ರಸಂಗದಿಂದ. ಪಾಲಿಸಿದಾರರು ಇನ್ನೊಬ್ಬ ಪಾಲಿಸಿದಾರನಿಗಾಗಿ ಕೆಲಸ ನಿಲ್ಲಿಸಿದ್ದನ್ನು ಯಾರೂ ಕಂಡಿಲ್ಲ.

ಪಟ್ಟಿಯ ಕೆಳಗಿನ ತುದಿಯಲ್ಲಿರುವ ಫ್ರಾನ್ಸ್ ನನ್ನನ್ನು ಇನ್ನೂ ಹೆಚ್ಚು ಕಾಲ ಹಿಡಿದು ನಿಲ್ಲಿಸಿತು. ಅಲ್ಲಿ ಹತ್ತರಲ್ಲಿ ಒಬ್ಬ ನೌಕರ ಮಾತ್ರ ಯೂನಿಯನ್ ಸದಸ್ಯ, ಖಾಸಗಿ ವಲಯದಲ್ಲಂತೂ ಅದಕ್ಕಿಂತ ಕಡಿಮೆ. ಹಾಗಿದ್ದೂ ಯೂನಿಯನ್ನುಗಳು ಮಾಡಿಕೊಂಡ ವೇತನ ಒಪ್ಪಂದಗಳು ನೂರಕ್ಕೆ 95ಕ್ಕೂ ಹೆಚ್ಚು ನೌಕರರಿಗೆ ಅನ್ವಯಿಸುತ್ತವೆ, ಏಕೆಂದರೆ ಒಂದು ಉದ್ಯಮದಲ್ಲಿ ಆದ ಒಪ್ಪಂದವನ್ನು ಕಾರ್ಮಿಕ ಸಚಿವರು ಆದೇಶದ ಮೂಲಕ ಆ ಉದ್ಯಮದ ಎಲ್ಲ ಸಂಸ್ಥೆಗಳಿಗೂ ವಿಸ್ತರಿಸಬಹುದು. ಒಪ್ಪಂದದ ಲಾಭಕ್ಕೆ ಸದಸ್ಯತ್ವದ ಚೀಟಿ ಬೇಕಿಲ್ಲ. ಹಾಗಾಗಿ ಫ್ರಾನ್ಸಿನಲ್ಲಿ ಸದಸ್ಯರಾಗುವವರೆಂದರೆ ಬಹುಪಾಲು ಸಂಘಟನೆಯ ಕೆಲಸಕ್ಕೆ ಹೆಗಲು ಕೊಡಲು ಸಿದ್ಧರಾದವರು. ನಮ್ಮ ಕಡೆ ಕಾರ್ಯಕರ್ತ ಎಂಬ ಮಾತಿಗೆ ಯಾವ ತೂಕವಿದೆಯೋ ಅದೇ ತೂಕ ಅಲ್ಲಿ ಸದಸ್ಯ ಎಂಬುದಕ್ಕಿದೆ. ಯೂನಿಯನ್ನಿನ ಬಲವನ್ನು ಅಲ್ಲಿ ಅಳೆಯುವುದು ಕೆಲಸದ ಜಾಗಗಳಲ್ಲಿ ನಡೆಯುವ ಚುನಾವಣೆಗಳಲ್ಲಿ ಬಂದ ಮತಗಳಿಂದ. ಆ ಚುನಾವಣೆಯಲ್ಲಿ ಸದಸ್ಯರಲ್ಲದವರೂ ಮತ ಹಾಕುತ್ತಾರೆ. ಎರಡು ದೊಡ್ಡ ಒಕ್ಕೂಟಗಳಾದ ಸಿಜಿಟಿ ಮತ್ತು ಸಿಎಫ್‌ಡಿಟಿಗಳ ನಡುವಣ ಪೈಪೋಟಿಯೂ ನಡೆಯುವುದು ಮತಗಳ ಲೆಕ್ಕದಲ್ಲೇ.

ಚಂದಾ ಕೊಡುವವರು ಕಡಿಮೆ ಎಂದ ಮಾತ್ರಕ್ಕೆ ಕರೆಗೆ ಓಗೊಡುವವರು ಕಡಿಮೆಯಲ್ಲ. 1936ರ ಬೇಸಿಗೆಯಲ್ಲಿ ಫ್ರಾನ್ಸಿನ ಕಾರ್ಖಾನೆಗಳನ್ನು ಕಾರ್ಮಿಕರು ಒಳಗಿನಿಂದಲೇ ಹಿಡಿದು ಕುಳಿತಾಗ ಪ್ರಧಾನಿ ಲಿಯೋನ್ ಬ್ಲುಮ್ ಸರ್ಕಾರ ವಾರಕ್ಕೆ 40 ಗಂಟೆಗಳ ಕೆಲಸ ಮತ್ತು ವರ್ಷಕ್ಕೆ ಎರಡು ವಾರಗಳ ಸಂಬಳಸಹಿತ ರಜೆಯನ್ನು ಕಾನೂನು ಮಾಡಿತು. ಹತ್ತು ಲಕ್ಷವೂ ಇಲ್ಲದ ಸಿಜಿಟಿ ಸದಸ್ಯತ್ವ ಕೆಲವೇ ತಿಂಗಳಲ್ಲಿ ಹಲವು ಪಟ್ಟು ಬೆಳೆದದ್ದು ಮುಷ್ಕರದ ನಂತರ. ಗೆದ್ದ ಮೇಲೆ ಜನ ಸೇರಿದರು. ಸೇರಿದ ಮೇಲೆ ಗೆದ್ದದ್ದಲ್ಲ. 2023ರಲ್ಲಿ ನಿವೃತ್ತಿ ವಯಸ್ಸನ್ನು 62ರಿಂದ 64ಕ್ಕೆ ಏರಿಸುವ ಮಸೂದೆಯ ವಿರುದ್ಧ ಎಲ್ಲ ಯೂನಿಯನ್ನುಗಳೂ ಒಂದಾಗಿ ಕರೆ ಕೊಟ್ಟಾಗ, ಮಾರ್ಚ್ 7ರಂದು ಬೀದಿಗಿಳಿದವರು ಗೃಹ ಸಚಿವಾಲಯದ ಲೆಕ್ಕದಲ್ಲೇ 12 ಲಕ್ಷ 80 ಸಾವಿರ, ಸಿಜಿಟಿಯ ಲೆಕ್ಕದಲ್ಲಿ 35 ಲಕ್ಷ. ಈ ಎರಡು ಲೆಕ್ಕಗಳ ನಡುವಿನ ಅಂತರವನ್ನು ನೋಡಿದರೆ, ಬೀದಿಯಲ್ಲಿ ನಿಂತವರನ್ನು ಎಣಿಸುವುದು ರಸೀದಿ ಎಣಿಸಿದಷ್ಟು ಸುಲಭವಲ್ಲವೆಂಬುದು ತಿಳಿಯುತ್ತದೆ. ಅಷ್ಟು ಜನ ನಿಂತರೂ ಸರ್ಕಾರ ಸಂವಿಧಾನದ ವಿಶೇಷ ವಿಧಿಯೊಂದನ್ನು ಬಳಸಿ ಸಂಸತ್ತಿನ ಕೆಳಮನೆಯಲ್ಲಿ ಮತಕ್ಕೆ ಹಾಕದೆಯೇ ಮಸೂದೆಯನ್ನು ಕಾನೂನು ಮಾಡಿತು. ಬೀದಿ ತುಂಬಿಸುವ ಶಕ್ತಿಗೆ ಮಿತಿಯಿದೆ ಎಂಬ ನೋವಿನ ಸತ್ಯವನ್ನೂ ನಾನಿಲ್ಲಿ ಬರೆಯದೆ ಬಿಡಲಾರೆ.

ಹತ್ತರ ಆಸುಪಾಸಿನ ಅದೇ ಅಂಕಿ ಅಮೆರಿಕದಲ್ಲಿ ಬೇರೆಯದೇ ಕಥೆಯನ್ನು ಹೇಳುತ್ತದೆ. 1983ರಲ್ಲಿ ಅಲ್ಲಿ ನೂರಕ್ಕೆ 20.1 ಇದ್ದ ಸದಸ್ಯತ್ವ 2023ರಲ್ಲಿ 10.0ಕ್ಕೆ ಇಳಿದಿದೆ, ಖಾಸಗಿ ವಲಯದಲ್ಲಿ ಅದು ಕೇವಲ 6. ಆದರೆ 2022ರಲ್ಲಿ ಗ್ಯಾಲಪ್ ಸಂಸ್ಥೆ ನಡೆಸಿದ ಸಮೀಕ್ಷೆಯಲ್ಲಿ ನೂರಕ್ಕೆ 71 ಮಂದಿ ಯೂನಿಯನ್ನುಗಳನ್ನು ಮೆಚ್ಚುವುದಾಗಿ ಹೇಳಿದರು, 1965ರ ನಂತರ ಅಷ್ಟು ಮೆಚ್ಚುಗೆ ಕಂಡುಬಂದಿರಲಿಲ್ಲ. ಮೆಚ್ಚುವವರು ಏಳು ಮಂದಿ, ಸೇರಿದವರು ಒಬ್ಬ. ಉಳಿದ ಆರು ಮಂದಿ ಎಲ್ಲಿ ನಿಂತಿದ್ದಾರೆ? 1935ರ ಕಾನೂನಿನ ಪ್ರಕಾರ ಅಲ್ಲಿ ಸಾಮಾನ್ಯವಾಗಿ ಒಂದೊಂದು ಕೆಲಸದ ಜಾಗದಲ್ಲೂ ಪ್ರತ್ಯೇಕ ಚುನಾವಣೆ ಗೆದ್ದು ಬಹುಮತ ಪಡೆಯಬೇಕು. ಬಹುಮತ ಬರದಿದ್ದರೆ ಸೇರಬಯಸಿದವರ ಪರವಾಗಿ ಚೌಕಾಸಿ ಮಾಡುವ ಹಕ್ಕು ಯೂನಿಯನ್ನಿಗೆ ಸಿಗುವುದಿಲ್ಲ. ಮತದಾನಕ್ಕೆ ಮುಂಚೆ ಮಾಲೀಕರು ವಕೀಲರನ್ನೂ ಸಲಹೆಗಾರರನ್ನೂ ಇಟ್ಟುಕೊಂಡು ಎದುರು ಪ್ರಚಾರ ಮಾಡುತ್ತಾರೆ. 2022ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಸ್ಟೇಟನ್ ಐಲೆಂಡ್‌ನ ಅಮೆಜಾನ್ ಗೋದಾಮಿನಲ್ಲಿ ಕಾರ್ಮಿಕರು 2,131ರ ಎದುರು 2,654 ಮತಗಳಿಂದ ಗೆದ್ದರೂ, ವರ್ಷಗಳು ಕಳೆದವೇ ಹೊರತು ಮೊದಲ ಒಪ್ಪಂದ ಕೈಗೂಡಲಿಲ್ಲ. ಒಂದೇ ದೇಶದೊಳಗೆ ಹವಾಯಿ ಮತ್ತು ನ್ಯೂಯಾರ್ಕ್ ರಾಜ್ಯಗಳಲ್ಲಿ ಐದರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಸದಸ್ಯರಾಗಿದ್ದರೆ, ಎರಡು ಕ್ಯಾರೊಲಿನಾಗಳಲ್ಲಿ ನೂರಕ್ಕೆ ಮೂವರೂ ಇಲ್ಲ. ಫ್ರಾನ್ಸಿನವನಿಗೆ ಹೊಸ್ತಿಲು ದಾಟುವ ಅಗತ್ಯವೇ ಹೆಚ್ಚಿಲ್ಲ. ಅಮೆರಿಕದವನಿಗೆ ಅದು ಎದೆಯೆತ್ತರದ ಗೋಡೆ. ಎರಡೂ ಕಡೆ ಅಂಕಿ ಮಾತ್ರ ಹತ್ತು.

ಬ್ರಿಟನ್ನಿನ ಕಥೆ ಬಹುಮಂದಿಗೆ ಗೊತ್ತಿರುವುದೇ: 1979ರಲ್ಲಿ 1 ಕೋಟಿ 32 ಲಕ್ಷ ಸದಸ್ಯರಿದ್ದ ಚಳವಳಿ ಇಂದು 64 ಲಕ್ಷದ ಆಸುಪಾಸಿನಲ್ಲಿದೆ. ಗಣಿಗಳು ಮುಚ್ಚಿದವು, ಕಾನೂನುಗಳು ಬಿಗಿಯಾದವು, ಹೊಸ ಕೆಲಸಗಳು ಯೂನಿಯನ್ ಇಲ್ಲದ ಜಾಗಗಳಲ್ಲಿ ಹುಟ್ಟಿದವು.

ಚಳವಳಿಯ ಬೆಳವಣಿಗೆ ಎಂದರೆ ಬೆಳೆಯುವ ಮಗುವಿನ ಎತ್ತರದ ಹಾಗೆ ವರ್ಷವರ್ಷವೂ ಒಂದಿಷ್ಟು ಏರುವುದು ಎಂಬ ಕಲ್ಪನೆಯೂ ಈ ಓದಿನಲ್ಲಿ ಉಳಿಯಲಿಲ್ಲ. 1980ರ ಆಗಸ್ಟ್‌ನಲ್ಲಿ ಪೋಲೆಂಡಿನ ಗ್ಡಾನ್ಸ್ಕ್ ಹಡಗುಕಟ್ಟೆಯಲ್ಲಿ ಕ್ರೇನ್ ನಡೆಸುತ್ತಿದ್ದ ಅನ್ನಾ ವಲೆಂಟಿನೊವಿಚ್ ಎಂಬ ಮಹಿಳೆಯನ್ನು ನಿವೃತ್ತಿಗೆ ಐದು ತಿಂಗಳಿದ್ದಾಗ ಕೆಲಸದಿಂದ ತೆಗೆದುಹಾಕಲಾಯಿತು. ಆಕೆಯನ್ನು ಮರಳಿ ತೆಗೆದುಕೊಳ್ಳಬೇಕೆಂದು ಆರಂಭವಾದ ಮುಷ್ಕರ ಆ ತಿಂಗಳ ಕೊನೆಗೆ ಸ್ವತಂತ್ರ ಯೂನಿಯನ್ ಕಟ್ಟುವ ಹಕ್ಕನ್ನು ಸರ್ಕಾರದಿಂದ ಪಡೆಯಿತು. ಸಾಲಿಡಾರಿಟಿ ಎಂದು ಜಗತ್ತಿಗೆ ಪರಿಚಯವಾದ ಆ ಯೂನಿಯನ್ನಿಗೆ, ಮೂರೂವರೆ ಕೋಟಿ ಜನಸಂಖ್ಯೆಯ ದೇಶದಲ್ಲಿ, ಸುಮಾರು ಒಂದು ವರ್ಷದೊಳಗೆ ಒಂದು ಕೋಟಿಯಷ್ಟು ಜನ ಸೇರಿದರು. 1981ರ ಡಿಸೆಂಬರ್ 13ರಂದು ಸೈನಿಕ ಆಡಳಿತ ಹೇರಿ ಅದನ್ನು ಹತ್ತಿಕ್ಕಲಾಯಿತು. 1989ರಲ್ಲಿ ಮತ್ತೆ ಕಾನೂನಿನ ಮಾನ್ಯತೆ ಬಂದು, ಅದೇ ಚಳವಳಿಯ ಬಲದಿಂದ ಆಡಳಿತವೇ ಬದಲಾದ ಮೇಲೂ ಆ ಒಂದು ಕೋಟಿ ಮರಳಿ ಬರಲಿಲ್ಲ. ದಕ್ಷಿಣ ಕೊರಿಯಾದಲ್ಲಿ 1987ರ ಜೂನ್ ತಿಂಗಳ ಪ್ರಜಾಪ್ರಭುತ್ವ ಹೋರಾಟದ ಹಿಂದೆಯೇ ಮೂರು ಸಾವಿರಕ್ಕೂ ಹೆಚ್ಚು ಮುಷ್ಕರಗಳು ಎದ್ದವು. ಹತ್ತು ಲಕ್ಷದಷ್ಟಿದ್ದ ಸದಸ್ಯರು 1989ಕ್ಕೆ ಹತ್ತೊಂಬತ್ತು ಲಕ್ಷವಾದರು. ಆಮೇಲೆ ಇಪ್ಪತ್ತು ವರ್ಷ ಇಳಿಮುಖ, 2010ರಲ್ಲಿ ನೂರಕ್ಕೆ ಹತ್ತಕ್ಕಿಂತ ಕೆಳಗೆ, ನಂತರ ಮತ್ತೆ ಏರಿಕೆ. ಬೇಸಿಗೆಯಲ್ಲಿ ಒಣಗಿದ ಹೊಳೆಯ ಪಾತ್ರದಂತೆ ಚಳವಳಿಗಳಿಗೂ ಒಂದು ಪಾತ್ರವಿರುತ್ತದೆ. ಮಳೆ ಬಂದಾಗ ನೀರು ಹರಿಯುವುದು ಅದರಲ್ಲೇ. ಒಣಗಿದ ಕಾಲದಲ್ಲಿ ಹೋಗಿ ಅಳೆದವನ ಕೈಗೆ ಸೊನ್ನೆ ಸಿಗುತ್ತದೆ.

ಇದಕ್ಕೆ ತಿರುವುಮುರುವಾದ ಉದಾಹರಣೆ ಚೀನಾದ್ದು. ಅಲ್ಲಿನ ಅಖಿಲ ಚೀನಾ ಕಾರ್ಮಿಕ ಸಂಘಗಳ ಒಕ್ಕೂಟಕ್ಕೆ 30 ಕೋಟಿಯಷ್ಟು ಸದಸ್ಯರಿದ್ದಾರೆ. ಜಗತ್ತಿನಲ್ಲಿ ಅಷ್ಟು ದೊಡ್ಡ ಯೂನಿಯನ್ ಬೇರೊಂದಿಲ್ಲ. ಆದರೆ ಕಾನೂನು ಒಪ್ಪುವುದು ಅದೊಂದನ್ನೇ. 2010ರಲ್ಲಿ ಫೋಶಾನಿನ ಹೊಂಡಾ ಬಿಡಿಭಾಗಗಳ ಕಾರ್ಖಾನೆಯಲ್ಲಿ ಯುವ ಕಾರ್ಮಿಕರು ಹೆಚ್ಚಿನ ಸಂಬಳಕ್ಕಾಗಿ ಕೆಲಸ ನಿಲ್ಲಿಸಿದಾಗ, ಅವರ ಮೇಲೆ ಕೈಮಾಡಲು ಬಂದವರು ಸ್ಥಳೀಯ ಅಧಿಕೃತ ಯೂನಿಯನ್ನಿನ ಕಡೆಯವರೇ. ಆ ಯುವಕರ ಬೇಡಿಕೆಗಳಲ್ಲಿ ಸಂಬಳದ ಜೊತೆಗೆ, ತಮ್ಮ ಯೂನಿಯನ್ ಪ್ರತಿನಿಧಿಗಳನ್ನು ತಾವೇ ಆರಿಸಬೇಕೆಂಬುದೂ ಸೇರಿತ್ತು.

ಇನ್ನು ನಮ್ಮ ದೇಶದ ಅಂಕಿ. ನಮ್ಮಲ್ಲಿ ಈ ಚಳವಳಿ ಹೊಸದಲ್ಲ: 1918ರಲ್ಲಿ ಮದರಾಸಿನ ಬಟ್ಟೆ ಗಿರಣಿಗಳ ಕಾರ್ಮಿಕರಿಗಾಗಿ ಮದ್ರಾಸ್ ಲೇಬರ್ ಯೂನಿಯನ್ ಹುಟ್ಟಿತು, 1920ರಲ್ಲಿ ಲಾಲಾ ಲಜಪತರಾಯರ ಅಧ್ಯಕ್ಷತೆಯಲ್ಲಿ ಮುಂಬಯಿಯಲ್ಲಿ ಕಾರ್ಮಿಕ ಸಂಘಗಳ ರಾಷ್ಟ್ರೀಯ ಒಕ್ಕೂಟವಾದ ಎಐಟಿಯುಸಿ ಸೇರಿತು, 1926ರಲ್ಲಿ ಕಾರ್ಮಿಕ ಸಂಘಗಳ ಕಾಯಿದೆ ಬಂತು. ಆದರೂ ಭಾರತದಲ್ಲಿ ಯೂನಿಯನ್ ಸದಸ್ಯರು ಎಷ್ಟು ಎಂಬ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡುವ ಸ್ಥಿತಿ ಇಲ್ಲ. ಕೇಂದ್ರ ಸರ್ಕಾರ 2002ನ್ನು ಆಧಾರ ವರ್ಷವಾಗಿಟ್ಟುಕೊಂಡು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಅಂಥ ಒಕ್ಕೂಟಗಳ ಪೈಕಿ ಬಿಎಂಎಸ್‌ಗೆ ಸುಮಾರು 62 ಲಕ್ಷ, ಇಂಟಕ್‌ಗೆ 39 ಲಕ್ಷ, ಎಐಟಿಯುಸಿ ಮತ್ತು ಎಚ್ಎಂಎಸ್‌ಗಳಿಗೆ ಮೂವತ್ತಮೂರು ಮೂವತ್ತನಾಲ್ಕು ಲಕ್ಷ, ಸಿಐಟಿಯುಗೆ 26 ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದರು. ಅನಂತರ ಅಂಥ ಪರಿಶೀಲನೆ ಪೂರ್ಣಗೊಂಡು ಹೊರಬರಲಿಲ್ಲ. ಒಕ್ಕೂಟಗಳು ತಾವೇ ಹೇಳುವ ಸಂಖ್ಯೆಗಳು ಇವುಗಳಿಗಿಂತ ಬಹಳ ದೊಡ್ಡವು. ಸದಸ್ಯರ ಸಂಖ್ಯೆಯನ್ನು ದುಡಿಯುವವರ ಸಂಖ್ಯೆಯಿಂದ ಭಾಗಿಸಬೇಕೆಂದರೂ ತೊಡಕು ತಪ್ಪದು. ತಿಂಗಳ ಸಂಬಳದವರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದೋ, ಮನೆಯಲ್ಲಿ ಬೀಡಿ ಕಟ್ಟುವವರನ್ನೂ, ಹೊಲದ ಕೂಲಿಯವರನ್ನೂ, ತಳ್ಳುಗಾಡಿಯವರನ್ನೂ ಸೇರಿಸುವುದೋ ಎಂಬುದರ ಮೇಲೆ ಉತ್ತರ ಹಲವು ಪಟ್ಟು ಬದಲಾಗುತ್ತದೆ. ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಅಸಂಘಟಿತ ವಲಯದಲ್ಲಿ ದುಡಿಯುವ ದೇಶದಲ್ಲಿ ಯಾರು ಕಾರ್ಮಿಕ ಎಂಬುದೇ ಮೊದಲ ಜಗಳ.

ಆ ಜಗಳವನ್ನು ಹೂಡಿ ಗೆದ್ದವರು ಇಳಾ ಭಟ್. 1972ರಲ್ಲಿ ಅಹಮದಾಬಾದಿನಲ್ಲಿ ಅವರು ತಲೆಹೊರೆಯ ಕೂಲಿಗಳು, ಚಿಂದಿ ಬಟ್ಟೆ ಹೊಲಿಯುವವರು, ತರಕಾರಿ ಮಾರುವವರು ಮುಂತಾದ ಹೆಂಗಸರ ಸಂಘ ಸೇವಾವನ್ನು ಯೂನಿಯನ್ ಎಂದು ನೋಂದಾಯಿಸಲು ಹೋದಾಗ, ಇವರಿಗೆ ಮಾಲೀಕನೇ ಇಲ್ಲವಲ್ಲ, ಯಾರ ವಿರುದ್ಧ ಹೋರಾಡುತ್ತಾರೆ ಎಂಬ ಆಕ್ಷೇಪ ಬಂತು. ಯೂನಿಯನ್ ಇರುವುದು ಯಾರದೋ ವಿರುದ್ಧ ನಿಲ್ಲುವುದಕ್ಕಿಂತ ದುಡಿಯುವವರು ಒಂದಾಗುವುದಕ್ಕೆ ಎಂದು ಇಳಾ ಭಟ್ ವಾದಿಸಿ ನೋಂದಣಿ ಪಡೆದರು. ವರ್ಷದ ಚಂದಾ ಕೆಲವೇ ರೂಪಾಯಿ. ಇಂದು ಹಲವು ರಾಜ್ಯಗಳಲ್ಲಿ ಅದರ ಸದಸ್ಯರ ಸಂಖ್ಯೆ 20 ಲಕ್ಷ ದಾಟಿದೆ. ಗೆಂಟ್ ನಗರದ ಯೋಜನೆಯಷ್ಟೇ ಮಹತ್ವದ್ದು ಎಂದು ನಾನು ಭಾವಿಸುವ ಕೆಲಸ ಇದು. ಅಲ್ಲಿ ಹೊಸ್ತಿಲನ್ನು ತಗ್ಗಿಸಿದರೆ, ಇಲ್ಲಿ ಮನೆಯೇ ಇಲ್ಲದ ಕಡೆ ಬಾಗಿಲು ಇಟ್ಟರು.

ನಮ್ಮ ರಾಜ್ಯದ ಅಂಗನವಾಡಿ ಕಾರ್ಯಕರ್ತೆಯರು ಮತ್ತು ಸಹಾಯಕಿಯರದೂ ಇಂಥದೇ ಸ್ಥಿತಿ. ಸರ್ಕಾರದ ಕಾಗದಪತ್ರಗಳಲ್ಲಿ ಅವರು ನೌಕರರಲ್ಲ, ಅವರು ಪಡೆಯುವುದು ಸಂಬಳವಲ್ಲ, ಗೌರವಧನ. ಆದರೆ 2017ರ ಮಾರ್ಚ್‌ನಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್ ಬಳಿಯ ರಸ್ತೆಯಲ್ಲಿ ಜಿಲ್ಲೆಜಿಲ್ಲೆಗಳಿಂದ ಬಂದ ಸಾವಿರಾರು ಹೆಂಗಸರು, ಕೆಲವರು ಕಂಕುಳ ಮಕ್ಕಳೊಂದಿಗೆ, ಹಗಲು ರಾತ್ರಿ ಕುಳಿತಾಗ ಅವರನ್ನು ಕರೆತಂದದ್ದು ಯೂನಿಯನ್ನೇ. ಹಳ್ಳಿಹಳ್ಳಿಯಲ್ಲಿ ಒಬ್ಬೊಬ್ಬರೇ ಕೆಲಸ ಮಾಡುವ ಈ ಹೆಂಗಸರಿಗೆ ಕಾರ್ಖಾನೆಯ ಗೇಟಿಲ್ಲ, ಶಿಫ್ಟಿಲ್ಲ, ಗೇಟ್ ಮೀಟಿಂಗ್ ನಡೆಸುವ ಜಾಗವಿಲ್ಲ. ಅಂಥವರಲ್ಲಿ ಸದಸ್ಯತ್ವ ಗಟ್ಟಿಯಾಗಿ ನಿಂತಿದೆ, ಆದರೆ ಒಂದೇ ಸೂರಿನಡಿ ಸಾವಿರ ಮಂದಿ ದುಡಿಯುವ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಅದು ನಿಲ್ಲಲು ಹೆಣಗುತ್ತಿದೆ. ಇದನ್ನು ನಾನು ಬಹಳ ಯೋಚಿಸಿದ್ದೇನೆ. ಒಂಟಿಯಾಗಿ ದುಡಿಯುವ ಅಂಗನವಾಡಿಯಾಕೆಯ ಬೆನ್ನ ಹಿಂದೆ ಇಡೀ ದಿನ ನಿಂತು ನೋಡುವ ಸೂಪರ್‌ವೈಸರ್ ಇರುವುದಿಲ್ಲ ಎಂಬುದು ಒಂದು ಕಾರಣವಿರಬೇಕು.

ಅಮ್ಮನ ತಂಗಿ, ನನ್ನ ಚಿಕ್ಕಮ್ಮ, ಹೊಸೂರು ರಸ್ತೆಯ ಬಳಿಯ ಗಾರ್ಮೆಂಟ್ ಕಾರ್ಖಾನೆಯೊಂದರಲ್ಲಿ ಹದಿನೆಂಟು ವರ್ಷ ಟೈಲರ್ ಆಗಿದ್ದವರು. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ, ಪಿಎಫ್‌ನಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಅಧಿಸೂಚನೆ ಹೊರಡಿಸಿತು. ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಹೆಂಗಸರಿಗೆ ಪಿಎಫ್ ಎಂದರೆ ಮುಪ್ಪಿನ ಹಣವಲ್ಲ. ಮಗಳ ಮದುವೆಗೆ, ಮಗನ ಫೀಸಿಗೆ, ಮನೆಯ ಭೋಗ್ಯಕ್ಕೆ, ಕೈಸಾಲ ತೀರಿಸುವುದಕ್ಕೆ ಕೆಲಸ ಬಿಟ್ಟು ತೆಗೆಯುವ ಒಂದೇ ಒಂದು ಗಂಟು. ಏಪ್ರಿಲ್ 18ರಂದು ಬೊಮ್ಮನಹಳ್ಳಿಯ ಕಡೆ ಹೆಂಗಸರು ಹೊಲಿಗೆ ಯಂತ್ರ ಬಿಟ್ಟೆದ್ದು ರಸ್ತೆಗೆ ಬಂದರು. ಮರುದಿನ ಹೊಸೂರು ರಸ್ತೆ, ತುಮಕೂರು ರಸ್ತೆ, ಪೀಣ್ಯದ ಕಡೆಗೂ ಅದು ಹಬ್ಬಿ, ಸಾವಿರಾರು ಹೆಂಗಸರು ನಗರದ ದಾರಿಗಳನ್ನು ತಡೆದು ನಿಂತರು. ಲಾಠಿ, ಅಶ್ರುವಾಯು ಎಲ್ಲವೂ ಆಯಿತು, ಬಸ್ಸುಗಳು ಸುಟ್ಟವು. 19ರ ಸಂಜೆಗೆ ಕೇಂದ್ರ ಸರ್ಕಾರ ಅಧಿಸೂಚನೆಯನ್ನು ಹಿಂತೆಗೆದುಕೊಂಡಿತು. ಇಡೀ ದೇಶದ ಪಿಎಫ್ ಖಾತೆದಾರರಿಗೆ ಅನ್ವಯಿಸುತ್ತಿದ್ದ ನಿಯಮ ಅದು. ಅದನ್ನು ಎರಡು ದಿನಗಳಲ್ಲಿ ತೆಗೆಸಿದವರಲ್ಲಿ ಬಹುಪಾಲು ಹೆಂಗಸರು ಯಾವ ಯೂನಿಯನ್ನಿನ ಸದಸ್ಯರೂ ಆಗಿರಲಿಲ್ಲ, ಆ ದಿನದ ಕರೆಯನ್ನು ಕೊಟ್ಟದ್ದೂ ಯಾವ ಯೂನಿಯನ್ನಲ್ಲ. ಯಾವ ದೇಶದ ಯಾವ ಪಟ್ಟಿಯಲ್ಲೂ ಅವರು ಲೆಕ್ಕಕ್ಕೆ ಬರುವುದಿಲ್ಲ.

ಗಾರ್ಮೆಂಟ್ ಕಾರ್ಮಿಕರ ನಡುವೆ ವರ್ಷಗಟ್ಟಲೆ ಕೆಲಸ ಮಾಡುತ್ತಾ ಬಂದ ಯೂನಿಯನ್ನುಗಳು ಬೆಂಗಳೂರಿನಲ್ಲಿ ಇಲ್ಲದಿಲ್ಲ, ಅವರ ಶ್ರಮದ ಬಗ್ಗೆ ನನಗೆ ಅಪಾರ ಗೌರವವಿದೆ. ಆ ಎರಡು ದಿನಗಳ ಗೆಲುವನ್ನು ನೆನೆದು ಯೂನಿಯನ್ ಬೇಕಿಲ್ಲ ಎಂದುಬಿಡುವುದೂ ತಪ್ಪಾಗುತ್ತದೆ, ಏಕೆಂದರೆ ಪಿಎಫ್ ನಿಯಮ ಹೋದರೂ ಪೀಸ್ ಲೆಕ್ಕದ ಒತ್ತಡ, ಶೌಚಾಲಯಕ್ಕೆ ಹೋಗಿ ಬರುವ ನಿಮಿಷಗಳ ಎಣಿಕೆ, ವರ್ಷ ತುಂಬುವ ಮೊದಲೇ ಕೆಲಸ ಬಿಡಿಸುವ ಉಪಾಯ ಎಲ್ಲವೂ ಹಾಗೆಯೇ ಉಳಿದವು, ಅವುಗಳನ್ನು ದಿನದಿನವೂ ಎದುರಿಸಲು ದಿನದಿನವೂ ಇರುವ ಸಂಘಟನೆಯೇ ಬೇಕು.

ಅಪ್ಪನ ಪ್ರಶ್ನೆಗೆ ಇಷ್ಟೆಲ್ಲವನ್ನೂ ಉತ್ತರವಾಗಿ ಹೇಳಿದ ದಿನ ಚಿಕ್ಕಮ್ಮ ನಮ್ಮ ಮನೆಗೆ ಬಂದಿದ್ದರು. ಅಪ್ಪ ತಗಡಿನ ಡಬ್ಬಿ ತೆಗೆದು, ಹಳದಿಗಟ್ಟಿದ ರಸೀದಿಗಳನ್ನು ಮೇಜಿನ ಮೇಲೆ ಹರಡಿ, "ನೀನೂ ಯಾವುದಾದರೂ ಯೂನಿಯನ್ನಿಗೆ ಚಂದಾ ಕಟ್ಟಿದ್ದೆಯೇನಮ್ಮಾ?" ಎಂದು ಕೇಳಿದರು.

"ಇಲ್ಲ ಭಾವ. ಕಾರ್ಡ್ ಮಾಡಿಸಿದರೆ ಸೂಪರ್‌ವೈಸರ್‌ಗೆ ಗೊತ್ತಾಗುತ್ತದೆ ಅಂತ ಭಯ. ಆದರೆ ಅವತ್ತು ನಮ್ಮ ಲೈನಿನಿಂದ ಯಾರ್ಯಾರು ಎದ್ದು ಬಂದರು ಅಂತ ಈಗಲೂ ಹೇಳಬಲ್ಲೆ."

ಅವರು ಎಡಗೈಯ ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳನ್ನು ಒತ್ತುತ್ತಾ ಎಣಿಸತೊಡಗಿದರು: ಕಾಲರ್ ಕೂಡಿಸುವವಳು, ಅವಳ ಪಕ್ಕದಲ್ಲಿ ತೋಳು ಹಚ್ಚುವವಳು, ಮಂಡ್ಯದ ಕಡೆಯ ಇಬ್ಬರು ಅಕ್ಕತಂಗಿಯರು, ಗುಂಡಿ ಹಾಕುವವಳು, ಆಗಷ್ಟೇ ಸೇರಿದ್ದ ದಾರ ಕತ್ತರಿಸುವ ಹೆಲ್ಪರ್ ಹುಡುಗಿ. ಒಬ್ಬೊಬ್ಬರ ಹೆಸರನ್ನೂ ಊರನ್ನೂ ಹೇಳಿದರು. ನಾಲ್ಕು ಬೆರಳುಗಳ ಗೆಣ್ಣುಗಳು ಮುಗಿದು ಎಣಿಕೆ ಎರಡನೆಯ ಸುತ್ತಿಗೆ ಬಂದಾಗ, ಅಪ್ಪ ಒಂದು ರಸೀದಿಯ ಖಾಲಿ ಬೆನ್ನನ್ನು ತಿರುಗಿಸಿಟ್ಟುಕೊಂಡು, ಪೆನ್ನು ತೆಗೆದು, ಮೊದಲಿನಿಂದ ಇನ್ನೊಮ್ಮೆ ಹೇಳುವಂತೆ ಕೇಳಿದರು.